ಕೆನಡಾ ಮೇಷ್ಟ್ರ ಪ್ಯಾಂಟು

ಶಿರಾದ ಏಪ್ರಿಲ್ ಬಿಸಿಲಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಓಡಾಡಿದ ಮನುಷ್ಯ ನನಗೆ ಗೊತ್ತಿರುವ ಹಾಗೆ ಒಬ್ಬರೇ. ಅವರು ನಮ್ಮ ಡಿಗ್ರಿ ಕಾಲೇಜಿನ ಇತಿಹಾಸದ ಮೇಷ್ಟ್ರು ಹನುಮಂತರಾಯಪ್ಪ. ಅವತ್ತಿನ ಪಾಠ ಕೆನಡಾದ ಚಳಿಗಾಲ. "ಇಂಥ ಸ್ವೆಟರ್ ಎಲ್ಡು ಹಾಕ್ಕಂಡ್ರೂ ಅಲ್ಲಿ ಹಲ್ಲು ಕಟಕಟ ಅಂತವೆ ಕಣ್ರಪ್ಪ. ಈಗ ನನ್ ಮಕ ನೋಡ್ಕಂಡು ಅಲ್ಲಿ ಚಳಿ ಹೆಂಗಿರ್ತೈತೆ ಅಂತ ಲೆಕ್ಕ ಹಾಕ್ಕಳಿ" ಎಂದರು. ನಾವೆಲ್ಲ ನೋಡಿದೆವು. ಮುಖ ಟೊಮೆಟೊ ಹಣ್ಣಾಗಿತ್ತು. ಕರೆಂಟು ಬೇರೆ ಹೋಗಿತ್ತು. ಅರ್ಧ ಪಾಠಕ್ಕೆ ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಹುಡುಗರು ಸ್ವೆಟರ್ ಎಳೆದು ತೆಗೆದು, ನೀರು ಚಿಮುಕಿಸಿ, ನೋಟ್ಸ್ ಪುಸ್ತಕದಲ್ಲಿ ಗಾಳಿ ಬೀಸಿದರು. ಕಣ್ಣು ಬಿಟ್ಟವರೇ ಅವರು ಕೇಳಿದ್ದು, "ಎಲ್ಲಿಗೆ ನಿಲ್ಸಿದ್ದೆ?"

ಅವರಿಗೆ ಕೆನಡಾ ಗಂಟುಬಿದ್ದಿದ್ದು ಒಂದು ಬಸ್ಸಿನಿಂದ. ಬಹಳ ಹಿಂದೆ ಇತಿಹಾಸದ ಮೇಷ್ಟ್ರುಗಳನ್ನೆಲ್ಲ ತುಮಕೂರಿನಲ್ಲಿ ಸೇರಿಸಿ, ಐಚ್ಛಿಕ ವಿಷಯಕ್ಕೆ ಯಾರು ಯಾವ ದೇಶದ ಪಾಠ ಮಾಡುತ್ತೀರಿ ಎಂದು ಕೇಳಿದರಂತೆ. ಮನೆ ಇದ್ದ ಮಧುಗಿರಿಯಿಂದ ಇವರು ಹತ್ತಿದ ಪ್ರೈವೇಟ್ ಬಸ್ಸು ಕೊರಟಗೆರೆಯಲ್ಲಿ ಪ್ಯಾಸೆಂಜರಿಗಾಗಿ ಕಾಯುತ್ತಾ ನಿಂತಿತು. ಡ್ರೈವರ್ ಟೀ ಕುಡಿದ, ಇವರೂ ಇಳಿದು ಟೀ ಕುಡಿದರು, ಬಿಸಿ ವಡೆ ಬಂತು ಅಂತ ಅದನ್ನೂ ತಿಂದರು. ತುಮಕೂರು ಮುಟ್ಟುವಷ್ಟರಲ್ಲಿ ಚೀನಾ, ಜಪಾನ್, ರಷ್ಯಾ ಎಲ್ಲವನ್ನೂ ಉಳಿದವರು ಹಂಚಿಕೊಂಡಾಗಿತ್ತು. ಮಿಕ್ಕಿದ್ದು ಕೆನಡಾ ಒಂದೇ. "ಒಂದು ವಡೆ ಆಸೆಗೆ ಅಷ್ಟು ದೊಡ್ಡ ದೇಶ ತಲೆ ಮೇಲೆ ಬಿತ್ತು ಕಣಮ್ಮ" ಎಂದು ಹೇಳಿಕೊಂಡು ತಾವೇ ನಗುತ್ತಿದ್ದರು. ಮೇಷ್ಟ್ರು ಕಣ್ಣಾರೆ ಕಂಡ ಅತಿ ದೂರದ ಊರು ಮಂತ್ರಾಲಯ. ಆದರೆ ಮಾತಿಗೆ ಕೂತರೆ ಕೆನಡಾ ಅವರ ಹುಟ್ಟೂರು ದೊಡ್ಡೇರಿಯ ಪಕ್ಕದ ಹಳ್ಳಿ ಇದ್ದ ಹಾಗೆ. "ನಮ್ ಕೆನಡಾದೋರು" ಅಂತಲೇ ಅನ್ನುತ್ತಿದ್ದರು. ಕೊನೆಗೆ ಬಸ್ ಕಂಡಕ್ಟರುಗಳೂ "ಕೆನಡಾ ಸಾರ್, ಸ್ಟಾಪ್ ಬಂತು, ಏಳಿ" ಎಂದು ಎಬ್ಬಿಸಿ ಇಳಿಸುವಂತಾಯಿತು.

ಪಾಠ ಮಾಡುವ ವೈಖರಿಯೋ, ಅದನ್ನು ಕೇಳಬೇಕು. ಇಂಗ್ಲೆಂಡು ಅತ್ತೆ, ಕೆನಡಾ ಸೊಸೆ. "ಅಷ್ಟು ತಿಳ್ಕಳಿ, ಪಾಸಾಯ್ತೀರ. ಮೊದಲ್ನೇ ಮಹಾಯುದ್ಧದಾಗೆ ಅತ್ತೆ ಜಗಳಕ್ಕೆ ನಿಂತ್ಲು. ಸೊಸೇನ ಒಂದ್ ಮಾತು ಕೇಳ್ಲಿಲ್ಲ, ಸೆರಗು ಸೊಂಟಕ್ಕೆ ಸಿಗ್ಸು, ನಡಿ ಅಂದ್ಬುಟ್ಲು. ಪಾಪದ್ದು ಹೋತು, ಮಕ್ಳನ್ನ ಕಳಕಂಡು ಬಂತು. ಎಲ್ಡನೇ ಯುದ್ಧಕ್ಕೆ ಅತ್ತೆ ಮತ್ತೆ ಹೊಂಟ್ಲು. ಈ ಸಲ ಸೊಸೆ ಏನಂದ್ಲು? ತಡೀರಿ ಅತ್ತೆಮ್ಮ, ನಮ್ ಮನೇಲಿ ಕೂತು ಮಾತಾಡಿ ಹೇಳ್ತೀವಿ ಅಂತ ಒಂದು ವಾರ ಬುಟ್ಟು ಹೋದ್ಲು. ಹೋಗಿದ್ದೇನೋ ಹೋದ್ಲು. ಆದ್ರೆ ಆ ಒಂದು ವಾರ ಐತಲ್ಲ, ಅದೇ ಕಣ್ರಪ್ಪ ಸ್ವಾತಂತ್ರ್ಯ!" ಪರೀಕ್ಷೆಯಲ್ಲಿ ಇದನ್ನು ಹೀಗೇ, ಸೆರಗಿನ ಸಮೇತ ಬರೆದವನು ನಮ್ಮ ಕ್ಲಾಸಿನ ಓಬಳೇಶ. ಪೇಪರು ತಿದ್ದಿದ ಯಾವ ಊರಿನ ಪುಣ್ಯಾತ್ಮನೋ, ಅವನನ್ನು ಫೇಲು ಮಾಡಿದ.

ಈ ಓಬಳೇಶ ಪಾವಗಡದ ಕಡೆಯವನು, ಮನೆ ಮಾತು ತೆಲುಗು. ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಪಾಠ ಬಂದಾಗ ಮೇಷ್ಟ್ರು ಅವನನ್ನೇ ಎಬ್ಬಿಸಿ ನಿಲ್ಲಿಸಿದರು. "ಇವ್ನೇ ಕಣ್ರಪ್ಪ ಕ್ವಿಬೆಕ್ಕು. ಲೇ, ನಿಮ್ ಪಾವಗಡಾನ ಬೇರೆ ದೇಶ ಮಾಡ್ಬುಡ್ಲೇನ್ಲಾ?" ಅವನು ಗಾಬರಿಯಾಗಿ, "ವದ್ದು ಸಾರ್, ಬೇಡ! ಸಾಯಂಕಾಲಕ್ಕೆ ಒಂದು ಬಸ್ ಬುಡ್ಸಿ ಸಾಕು" ಅಂದ. ಮೇಷ್ಟ್ರು ಮೇಜು ಕುಟ್ಟಿದರು. "ನೋಡ್ರಪ್ಪ, ಅಲ್ಲೂ ಇಂಗೇ ಆಗಿದ್ದು! ವೋಟು ಹಾಕ್ಸಿ ಕೇಳಿದ್ರೆ ಜನ ಬ್ಯಾಡ ಅಂದ್ರು."

ಒಂದು ಪಾಠದಲ್ಲಿ ಮಾತ್ರ ಅವರು ತಮಾಷೆ ಮಾಡಿದ್ದು ನಾನು ನೋಡಲಿಲ್ಲ. ಆ ನಾಡಿನ ಮೂಲ ಜನರ ಮಕ್ಕಳನ್ನು ತಾಯಂದಿರಿಂದ ಕಿತ್ತು ವಸತಿ ಶಾಲೆಗಳಿಗೆ ಸೇರಿಸಿ, ಮನೆ ಮಾತು ಆಡಿದರೆ ಹೊಡೆಯುತ್ತಿದ್ದರು ಎಂಬ ಪಾಠ ಅದು. ಪುಸ್ತಕ ಮುಚ್ಚಿಟ್ಟರು. ಆಮೇಲೆ ಓಬಳೇಶನಿಗೆ ತೆಲುಗಿನಲ್ಲಿ ಮಾತಾಡು ಎಂದರು, ನನಗೆ ಉರ್ದುವಿನಲ್ಲಿ ಮಾತಾಡು ಎಂದರು. ಏನು ಮಾತಾಡಲಿ ಸಾರ್ ಎಂದಿದ್ದಕ್ಕೆ, "ನಿಮ್ಮವ್ವ ಬೆಳಿಗ್ಗೆ ಏನಂತ ಬೈದ್ಲೋ ಅದ್ನೇ ಹೇಳಮ್ಮ" ಎಂದರು. ನಾನು ಅಮ್ಮಿಯ ಬೈಗುಳ ಪೂರ್ತಿ ಒಪ್ಪಿಸಿದೆ. ಯಾರೂ ನಗಲಿಲ್ಲ. ಅವತ್ತಿನ ಪಾಠ ಅಷ್ಟೇ.

ಇನ್ನು ಅವರ ಕಾರಿನ ಸಂಗತಿ ಹೇಳದಿದ್ದರೆ ಮೇಷ್ಟ್ರ ಚಿತ್ರ ಅರ್ಧವೇ. ಬಸ್ಸು ಸಾಕಾಗಿ ಅವರು ಹಳೆಯ ಕಾರೊಂದನ್ನು ಕೊಂಡಿದ್ದರು. ಒಂದು ದಿನ ಅದು ಬಡವನಹಳ್ಳಿ ಹತ್ತಿರ ನಿಂತುಹೋಯಿತು. ಕೆಟ್ಟಿರಲಿಲ್ಲ, ಪೆಟ್ರೋಲ್ ಹಾಕಿಸುವುದನ್ನು ಮರೆತಿದ್ದರು. ಹೊಲಕ್ಕೆ ಹೊರಟಿದ್ದ ರೈತನೊಬ್ಬ ಕನಿಕರಪಟ್ಟು ತನ್ನ ಎತ್ತುಗಳನ್ನು ಕಾರಿನ ಮುಂದೆ ಕಟ್ಟಿದ. ಹಿಂದಿನ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಹುಡುಗರು ಕಿಟಕಿಯಿಂದ ನೋಡಿದರೆ, ಎತ್ತು ಎಳೆಯುವ ಕಾರಿನಲ್ಲಿ ಸ್ಟೇರಿಂಗ್ ಹಿಡಿದು ಕೂತ ಮೇಷ್ಟ್ರು ಮದುವೆ ಗಂಡಿನ ಥರ ಕೈ ಬೀಸುತ್ತಿದ್ದರು. ಕಾಲೇಜಿಗೆ ಬಂದವರಿಗೆ ನಾಚಿಕೆ ಎಂಬುದು ಇರಬೇಕೋ ಬೇಡವೋ? "ಲೇ, ಇವತ್ತು ನಾನು ಸಾಕ್ಷಾತ್ ಕೆನಡಾ ನೋಡ್ದೆ ಕಣ್ರೋ!" ಎಂದು ಕಿರುಚಿದರು. ಅಲ್ಲಿ ಬರಗಾಲ, ಧೂಳು, ಕೆಲಸವಿಲ್ಲದ ಕಾಲ ಬಂದಾಗ ಪೆಟ್ರೋಲಿಗೆ ಗತಿಯಿಲ್ಲದೆ ಜನ ಕಾರುಗಳ ಇಂಜಿನ್ ತೆಗೆದು ಕುದುರೆ ಕಟ್ಟುತ್ತಿದ್ದರಂತೆ. ಅದಕ್ಕೆ ಆಗಿನ ಪ್ರಧಾನಿಯ ಹೆಸರೇ ಇಟ್ಟು ಗೇಲಿ ಮಾಡುತ್ತಿದ್ದರಂತೆ. "ಅಂಥ ಕಷ್ಟದಾಗೂ ನಗ್ತಿದ್ರಲ್ಲ, ಅದು ಬದುಕೋ ಜನದ ಲಕ್ಷಣ" ಎಂದರು. ಕಷ್ಟ ಅವರದ್ದು, ಮರೆವು ನಿಮ್ಮದು ಸಾರ್ ಎಂದು ನಾನು ಹಿಂದಿನ ಬೆಂಚಿನಿಂದ ಗೊಣಗಿದ್ದು ಅವರಿಗೆ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಇಷ್ಟೇ ಆಗಿದ್ದರೆ ಒಳ್ಳೆ ತಮಾಷೆಯ ಮೇಷ್ಟ್ರು ಎಂದು ನೆನೆದು ಸುಮ್ಮನಾಗುತ್ತಿದ್ದೆ. ಆದರೆ ನಾನು ಇವತ್ತು ಕೂತು ಉಣ್ಣುವ ಅನ್ನದಲ್ಲಿ ಅವರ ಪಾಲಿದೆ. ಅದನ್ನು ಹೇಳಬೇಕು.

ನಮ್ಮ ಅಬ್ಬಾ ಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್. ಎರಡು ಮಷೀನಿನ ಅಂಗಡಿ. ನಮ್ಮ ಅಂಗಡಿಯ ಪದ್ಧತಿ ಏನೆಂದರೆ, ಹೊಲಿಯುವವರು ಎಷ್ಟು ಜನ ಇದ್ದರೂ ಕತ್ತರಿ ಒಂದೇ ಕೈಯಲ್ಲಿ, ಟೇಪು ಒಂದೇ ಕೊರಳಲ್ಲಿ. ಅದು ಉಸ್ತಾದನ ಕೊರಳು. ನಾನು ಚಿಕ್ಕಂದಿನಿಂದ ಗುಂಡಿ ಹಾಕಿದವಳು, ಗುಂಡಿಯ ತೂತಿಗೆ ಕಾಜಾ ಹೊಲಿದವಳು, ಆದರೆ ಕತ್ತರಿ ಮುಟ್ಟಿದವಳಲ್ಲ. ನಾನು ಕಡೇ ವರ್ಷದ ಡಿಗ್ರಿಯಲ್ಲಿದ್ದಾಗ ಅಬ್ಬಾ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಅಂಗಡಿ ಮುಚ್ಚಿದರೆ ಒಲೆ ಹಚ್ಚುವುದು ಹೆಂಗೆ? ಅಬ್ಬಾ ಎಡಗೈಯಲ್ಲೇ ತಮ್ಮ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದರು. ಸ್ಟೂಲಿನ ಮೇಲೆ ಕೂತು, "ಅಲ್ಲಿ ನಕ್ಕೋ, ಬೇಡ! ಒಂದು ಬೆರಳು ಜಾಸ್ತಿ ಬಿಡು" ಎಂದು ಕೂಗುತ್ತಾ ಕಟಿಂಗ್ ಕಲಿಸಿದರು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ. ನೋಡನೋಡುತ್ತಾ ಹೆಂಗಸರು ಬರತೊಡಗಿದರು. ಗಂಡಸಿನ ಮುಂದೆ ಅಳತೆ ಕೊಡಲು ಮುಜುಗರಪಡುತ್ತಿದ್ದವರೆಲ್ಲ ಬಂದರು. ಆ ದಿನಗಳಲ್ಲಿ ನನ್ನ ನಡಿಗೆಯೇ ಬದಲಾಗಿತ್ತು ಎಂದು ಅಮ್ಮಿ ಈಗಲೂ ಆಡಿಕೊಳ್ಳುತ್ತಾಳೆ. ಬದಲಾಗಿತ್ತು, ಸುಳ್ಳೇಕೆ ಹೇಳಲಿ.

ಕೈ ಕೂಡಿತು. ಒಂದು ದಿನ ಅಬ್ಬಾ ಅಂಗಡಿಗೆ ಬಂದು, ನನ್ನ ತಲೆ ನೇವರಿಸಿ, ಟೇಪನ್ನು ನನ್ನ ಕೊರಳಿಂದ ತೆಗೆದು ತಾವು ಹಾಕಿಕೊಂಡರು. "ಶಾಬಾಶ್ ಬೇಟಿ, ಬಹಳ ಮಾಡಿದೆ. ಇನ್ನು ಮನೇಲಿ ಆರಾಮಾಗಿರು" ಎಂದರು. ಆರಾಮು! ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಅವರು ಪ್ರೀತಿಯಿಂದಲೇ ಹೇಳಿದ್ದು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ನನ್ನ ಮಷೀನಿಗೆ ಬಟ್ಟೆ ಮುಚ್ಚಿದರು. ಮನೆಯಲ್ಲಿ ನನ್ನ ಮದುವೆ ಮಾತು ಶುರುವಾಯಿತು.

ಅದೇ ವಾರ ಕಾಲೇಜಿನಲ್ಲಿ ಯುದ್ಧಕಾಲದ ಹೆಂಗಸರ ಪಾಠ. ಗಂಡಸರು ಯುದ್ಧಕ್ಕೆ ಹೋದಾಗ ಹೆಂಗಸರು ಕಾರ್ಖಾನೆಗೆ ಬಂದರು, ವಿಮಾನ ಕಟ್ಟಿದರು, ಮದ್ದುಗುಂಡು ಮಾಡಿದರು. ಅವರ ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರವೇ ಶಿಶುವಿಹಾರ ತೆರೆಯಿತು. ಯುದ್ಧ ಮುಗಿಯಿತು, ಗಂಡಸರು ವಾಪಸ್ಸು ಬಂದರು, ಶಿಶುವಿಹಾರ ಮುಚ್ಚಿದರು, ಬಹಳಷ್ಟು ಹೆಂಗಸರಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಕಳಿಸಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿದೆ, "ಸಾರ್, ಅವರ ಕೈಗೆ ಮಷೀನು ಮತ್ತೆ ಯಾವಾಗ ಕೊಟ್ಟರು?" ಕೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಯಾವ ಪ್ರಶ್ನೆಗೂ ತಡವರಿಸದ ಮೇಷ್ಟ್ರು ನನ್ನ ಖಾಲಿ ಕೊರಳನ್ನೇ ನೋಡಿದರು. ತಿಂಗಳುಗಟ್ಟಲೆ ಟೇಪು ಹಾಕಿಕೊಂಡೇ ಕ್ಲಾಸಿಗೆ ಬರುತ್ತಿದ್ದ ಹುಡುಗಿ ನಾನು. "ಆಮೇಲೆ ಹೇಳ್ತೀನಿ, ಕೂತ್ಕಳಮ್ಮ" ಎಂದರು.

ಮಾರನೇ ದಿನ ಮೇಷ್ಟ್ರು ಕಂಕುಳಲ್ಲಿ ಒಂದು ಪ್ಯಾಂಟು ಇಟ್ಟುಕೊಂಡು ಅಬ್ಬಾನ ಅಂಗಡಿಗೆ ಹೋದರು. ಸೊಂಟ ಬಿಗಿಯಾಗಿದೆ, ಸಡಿಲ ಮಾಡಿ ಎಂದರು. ಅಬ್ಬಾ ಮಾಡಿಕೊಟ್ಟರು. ಮುಂದಿನ ವಾರ ಅದೇ ಪ್ಯಾಂಟು ತಂದು ಸಡಿಲವಾಯಿತು, ಬಿಗಿ ಮಾಡಿ ಎಂದರು. ಅದರ ಮುಂದಿನ ವಾರ ಮತ್ತೆ ಬಿಗಿಯಾಯಿತು, ಸಡಿಲ ಮಾಡಿ ಎಂದರು. ಪ್ರತಿ ಸಲ ಅಬ್ಬಾ ಹೊಲಿಗೆ ಬಿಚ್ಚಿ ಹಾಕುವವರೆಗೂ ಬೆಂಚಿನ ಮೇಲೆ ಕೂತು ಕೆನಡಾದ ಹೆಂಗಸರ ಕಥೆ ಒಂದೊಂದೇ ಕಂತು ಹೇಳುತ್ತಿದ್ದರು. ಅಬ್ಬಾ ಊಟಕ್ಕೆ ಕೂತಾಗ ಅದನ್ನು ನಮಗೆ ಹೇಳುತ್ತಿದ್ದರು. "ಆ ಮೇಷ್ಟ್ರಿಗೆ ತಲೆ ಸರಿ ಇಲ್ಲ. ಒಂದು ವಾರದಲ್ಲಿ ಯಾರ ಸೊಂಟ ಅಷ್ಟು ಹಿಗ್ಗಿ ಕುಗ್ಗುತ್ತೆ? ಆದರೆ ಕಥೆ ಭಾರೀ ಚೆನ್ನಾಗಿ ಹೇಳ್ತಾರೆ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದೆ. ಆ ಕಥೆ ಎಲ್ಲಿಗೆ ಹೊರಟಿದೆ ಎಂಬುದು ಅಬ್ಬಾಗೆ ಹೇಗೆ ಗೊತ್ತಾಗಬೇಕು.

ಹೆಂಗಸರನ್ನು ಮನೆಗೆ ಕಳಿಸಿದ ಕಂತು ಬಂದ ದಿನ ಅಬ್ಬಾ ಸೂಜಿ ಚುಚ್ಚಿಟ್ಟು ಕೆನಡಾ ಸರ್ಕಾರದ ಮೇಲೆ ಹರಿಹಾಯ್ದರಂತೆ. "ಅರೇ, ಅವರಿಗೆ ಅಕಲ್ ಇಲ್ವಾ ಮೇಷ್ಟ್ರೇ? ಕಸುಬು ಕಲಿತ ಕೈನ ಯಾರಾದ್ರೂ ಮನೇಲಿ ಕೂರಿಸ್ತಾರಾ?" ಮೇಷ್ಟ್ರು ಇಷ್ಟಕ್ಕೇ ಕಾಯುತ್ತಿದ್ದವರು. "ಅಂಗಾದ್ರೆ ಸಾಹೇಬ್ರೇ, ಆ ಎಲ್ಡನೇ ಮಷೀನಿಗೆ ಯಾಕೆ ಬಟ್ಟೆ ಮುಚ್ಚೀರಿ?" ಎಂದುಬಿಟ್ಟರು.

ಅಬ್ಬಾ ಪ್ಯಾಂಟನ್ನು ಮಡಿಸಿ ಅವರ ಕೈಗೆ ಕೊಟ್ಟು, "ನಿಮ್ಮ ಪ್ಯಾಂಟಿಗೆ ಏನೂ ಆಗಿಲ್ಲ. ಇನ್ಮೇಲೆ ತರಬೇಡಿ" ಎಂದು ಕಳಿಸಿದರು. ಮನೆಗೆ ಬಂದು ನನ್ನ ಮೇಲೆ ಕೂಗಾಡಿದರು. ಅಮ್ಮಿ ನಡುವೆ ಬರದಿದ್ದರೆ ಕಾಲೇಜೂ ನಿಂತುಹೋಗುತ್ತಿತ್ತೇನೋ. ಎಲ್ಲಾ ಮುಗಿಯಿತು ಅಂದುಕೊಂಡೆ. ಮೇಷ್ಟ್ರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನೊಂದು ನಾಲ್ಕು ಸಲ ಬಿಗಿ ಸಡಿಲ ಮಾಡಿಸಿಕೊಂಡು ಸುಮ್ಮನಿರಬಾರದಿತ್ತೇ ಈ ಮನುಷ್ಯ?

ಸುಮ್ಮನಿರುವ ಜೀವವೇ ಅದು? ಮತ್ತೆ ಅಂಗಡಿಗೆ ಹೋದರು. "ಪ್ಯಾಂಟು ತರಬ್ಯಾಡಿ ಅಂದ್ರಿ, ತಂದಿಲ್ಲ. ಇದು ಸಫಾರಿ ಬಟ್ಟೆ. ರಿಟೈರ್ ಆಯ್ತಾ ಇದೀನಿ, ಬೀಳ್ಕೊಡುಗೆ ದಿನಕ್ಕೆ ಹೊಲ್ಕೊಡಿ" ಎಂದರು. ಬಾಗಿಲಿಗೆ ಹೊಸ ಬಟ್ಟೆ ತಂದ ಗಿರಾಕಿಯನ್ನು ಅಬ್ಬಾ ಯಾವತ್ತೂ ಹಿಂದಕ್ಕೆ ಕಳಿಸಿದವರಲ್ಲ. ಮುಖ ಗಂಟು ಹಾಕಿಕೊಂಡೇ ಅಳತೆ ತೆಗೆದರು.

ಎರಡು ದಿನ ಕಳೆದು, ಮಟಮಟ ಮಧ್ಯಾಹ್ನ ಅಬ್ಬಾ ಅಂಗಡಿ ಮುಚ್ಚಿ ಮನೆಗೆ ಬಂದರು. ಹಾಗೆ ಬಂದವರೇ ಅಲ್ಲ. ಒಂದು ಗಂಟನ್ನು ನನ್ನ ಮುಂದಿಟ್ಟು "ನೋಡು" ಎಂದರು. ಬಿಚ್ಚಿ ಹರಡಿದೆ. ಸಫಾರಿಯ ಮುಂಭಾಗದ ಎರಡು ತುಂಡು, ಎರಡೂ ಎಡಗಡೆಯವೇ. ಒಂದನ್ನು ತಿರುಗಿಸಿ ಬಲಕ್ಕೆ ಇಟ್ಟರೆ ಬಟ್ಟೆಯ ಒಳಮೈ ಮೇಲಕ್ಕೆ ಬರುತ್ತಿತ್ತು. ಬಟ್ಟೆಯನ್ನು ಮಡಿಸಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಎಡ ಬಲ ತಾನಾಗಿಯೇ ಬರುತ್ತದೆ. ಕಾಜಾ ಹುಡುಗರಿಗೂ ಗೊತ್ತಿರುವ ಮಾತು. ನಾನು ಅಬ್ಬಾನ ಮುಖ ನೋಡಿದೆ. "ಎರಡು ಪದರಕ್ಕೆ ಕೈ ಬರಲಿಲ್ಲ ಬೇಟಿ. ಹಿಡಿತ ಇಲ್ಲ. ಒಂದೊಂದೇ ಪದರ ಕತ್ತರಿಸ್ತಾ ಇದ್ದೆ, ಇದನ್ನ ತಿರುಗಿಸಿ ಇಡೋದು ಮರೆತೆ" ಎಂದರು. ಕೈ ಕೂಡಿರಲಿಲ್ಲ. ಅಷ್ಟು ದಿನ ಯಾರಿಗೂ ತಿಳಿಯದಂತೆ ನೋವು ನುಂಗಿಕೊಂಡು ಕೂತಿದ್ದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಆ ಕೈಯನ್ನು ಹಿಡಿದುಕೊಂಡು ಅತ್ತುಬಿಟ್ಟೆ.

ಅತ್ತು ಎದ್ದವಳೇ ಅಂಗಡಿಗೆ ಹೋಗಿ ಮಷೀನಿನ ಮೇಲಿನ ಬಟ್ಟೆ ಕಿತ್ತೆಸೆದೆ. ಮಿಕ್ಕ ಬಟ್ಟೆಯಲ್ಲಿ ಇಡೀ ಬಲಭಾಗ ಹುಟ್ಟುವಂತಿರಲಿಲ್ಲ, ಎರಡು ತುಂಡಾದರೆ ಹುಟ್ಟುತ್ತಿತ್ತು. ಎದೆಯ ಮೇಲೆ ಅಡ್ಡಲಾಗಿ ಜೋಡಿಸಿದೆ. ಜೋಡಣೆ ತಪ್ಪಲ್ಲ, ಬೇಕೆಂದೇ ಇಟ್ಟ ಪಟ್ಟಿ ಅನ್ನಿಸಲಿ ಅಂತ ಎಡಭಾಗವನ್ನೂ ಅದೇ ಮಟ್ಟಕ್ಕೆ ಕತ್ತರಿಸಿ ಜೋಡಿಸಿದೆ. ಅಬ್ಬಾ ಪಕ್ಕದಲ್ಲಿ ನಿಂತು ಇಸ್ತ್ರಿ ಹಾಕಿಕೊಟ್ಟರು. ಕೊನೆಯ ಗುಂಡಿ ಹಾಕಿದ ಮೇಲೆ ತಮ್ಮ ಟೇಪು ತೆಗೆದು ನನ್ನ ಕೊರಳಿಗೆ ಹಾಕಿದರು. ಆಮೇಲೆ ಎದುರಿನ ಅಂಗಡಿಗೆ ಹೋಗಿ ಹೊಸ ಟೇಪೊಂದನ್ನು ತಂದು ತಮ್ಮ ಕೊರಳಿಗೆ ಹಾಕಿಕೊಂಡರು. ಒಂದೇ ಅಂಗಡಿಯಲ್ಲಿ ಎರಡು ಟೇಪು! ಪಕ್ಕದ ಟೈಲರುಗಳು ನಕ್ಕಿದ್ದೇ ನಕ್ಕಿದ್ದು. "ನಗಲಿ ಬಿಡು" ಎಂದರು ಅಬ್ಬಾ.

ಸಫಾರಿ ಹಾಕಿ ನೋಡಲು ಬಂದ ಮೇಷ್ಟ್ರು ಮೊದಲು ನೋಡಿದ್ದು ನನ್ನ ಕೊರಳು, ಆಮೇಲೆ ಅಬ್ಬಾನ ಕೊರಳು, ಆಮೇಲೆ ತಮ್ಮ ಎದೆ. "ಇದೇನಮ್ಮ, ಎದೆ ಮೇಲೆ ಗಡಿ ಎಳ್ದೀಯ?" ಎಂದರು. ಅಬ್ಬಾ ಕೆಮ್ಮಿದರು. ನಾನು ಹೊಸ ಫ್ಯಾಷನ್ ಸಾರ್ ಎಂದೆ. ಮೇಷ್ಟ್ರು ಅಂಗಿ ತಿರುಗಿಸಿ ಒಳಗಿನ ಹೊಲಿಗೆಯನ್ನೆಲ್ಲ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ. "ಕೆನಡಾನೂ ಇಂಗೇ ಕಣ್ ಸಾಹೇಬ್ರೇ. ಅಲ್ಲೊಂದು ತುಂಡು, ಇಲ್ಲೊಂದು ತುಂಡು, ಜೋಡ್ಸಿ ಜೋಡ್ಸಿ ಒಂದು ಅಂಗಿ ಮಾಡ್ಕಂಡವ್ರೆ" ಎಂದರು. ಬೀಳ್ಕೊಡುಗೆ ದಿನ ಅದನ್ನೇ ಹಾಕಿಕೊಂಡು ಭಾಷಣ ಶುರು ಮಾಡಿದರು. ಮೈಕಿನವನು ವೈರು ಸುತ್ತಲು ನಿಂತರೂ ಇವರಿನ್ನೂ ಎರಡನೇ ಮಹಾಯುದ್ಧದಲ್ಲೇ ಇದ್ದರು.

ರಿಟೈರಾದ ಮೇಲೂ ಅವರು ಬರುವುದನ್ನು ಬಿಡಲಿಲ್ಲ. ಕಾರು ಮೂಲೆ ಸೇರಿತ್ತು. ಆಗಾಗ ಮಧುಗಿರಿ ಬಸ್ಸಿನಿಂದ ಇಳಿದು, ಕಂಕುಳಲ್ಲಿ ಅದೇ ಪ್ಯಾಂಟಿನೊಂದಿಗೆ ಪ್ರತ್ಯಕ್ಷ. ಅಬ್ಬಾ ದೂರದಿಂದಲೇ ನೋಡಿ ಟೀಗೆ ಹೇಳಿ ಕಳಿಸುತ್ತಿದ್ದರು. "ಇವತ್ತು ಬಿಗಿನಾ ಸಡಿಲಾನಾ ಮೇಷ್ಟ್ರೇ?" ಎಂದು ಕೇಳುವುದು, ಅವರು ಲೆಕ್ಕ ಮರೆತು ತಲೆ ಕೆರೆದುಕೊಳ್ಳುವುದು, ಇಬ್ಬರೂ ನಗುವುದು. ನನ್ನ ಮದುವೆಯೂ ಆಯಿತು. ಗಂಡನ ಮನೆ ಶಿರಾದಲ್ಲೇ. ಮದುವೆಯಾದರೂ ಟೇಪು ನನ್ನ ಕೊರಳಲ್ಲೇ ಇರುತ್ತದೆ ಎಂದು ಮಾತುಕತೆ ದಿನವೇ ಅಬ್ಬಾ ಖಡಾಖಂಡಿತವಾಗಿ ಹೇಳಿದ್ದರು.

ಕಳೆದ ಚಳಿಗಾಲದಲ್ಲಿ ಬಂದಾಗ ಮೇಷ್ಟ್ರು ನಿಧಾನಕ್ಕೆ ಮೆಟ್ಟಿಲು ಹತ್ತಿದರು. "ಈ ಸಲ ಸುಳ್ಳಲ್ಲ ಕಣಮ್ಮ. ನಿಜವಾಗ್ಲೂ ಸಡ್ಲ ಆಗೈತೆ" ಎಂದರು. ಸೊಂಟಕ್ಕೆ ಟೇಪು ಸುತ್ತಿದೆ. ಟೇಪು ಹೇಳಿದ್ದು ನನಗೆ ಇಷ್ಟವಾಗಲಿಲ್ಲ. ಅಬ್ಬಾ ಮುಖ ಆಚೆ ತಿರುಗಿಸಿಕೊಂಡು ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತರು. ಏನಾದರೂ ಮಾತಾಡಬೇಕಲ್ಲ ಎಂದು ನಾನು ಕೇಳಿದೆ, "ಸಾರ್, ನನ್ನ ಪ್ರಶ್ನೆಗೆ ನೀವು ಉತ್ತರ ಹೇಳಲೇ ಇಲ್ಲ. ಆ ಹೆಂಗಸರ ಕೈಗೆ ಮಷೀನು ಮತ್ತೆ ಯಾವಾಗ ಕೊಟ್ಟರು?"

"ಯಾರೂ ಕೊಡ್ಲಿಲ್ಲ ಕಣಮ್ಮ" ಎಂದರು ಮೇಷ್ಟ್ರು. "ಒಬ್ಬೊಬ್ರೇ ಅವ್ರೇ ವಾಪಸ್ ಬಂದ್ರು. ಮುಚ್ಚಿದ ಬಟ್ಟೆ ಅವ್ರೇ ತೆಗೆದ್ರು. ನೀನು ಕೇಳಿದ್ ದಿನಾನೇ ಇದು ನಂಗೆ ಗೊತ್ತಿತ್ತು. ಆದ್ರೆ ಅತ್ಕಂಡು ನಿಂತಿರೋ ಮಗಿಗೆ ಅದನ್ನ ಹೆಂಗೆ ಹೇಳ್ಲಿ? ಅದ್ಕೇ ಪ್ಯಾಂಟು ತಂದೆ." ಟೀ ಕುಡಿದು, ಪ್ಯಾಂಟನ್ನು ನಮ್ಮಲ್ಲೇ ಬಿಟ್ಟು, ಮುಂದಿನ ವಾರ ಬರ್ತೀನಿ ಎಂದು ಬಸ್ಸು ಹತ್ತಿದರು. ಕಂಡಕ್ಟರು ಕೈ ಹಿಡಿದು ಹತ್ತಿಸಿಕೊಂಡ.

ಮುಂದಿನ ವಾರ ಬಂದಿದ್ದು ಓಬಳೇಶನ ಫೋನು. ಅಬ್ಬಾ ಮತ್ತು ನಾನು ಮಧುಗಿರಿಗೆ ಹೋದಾಗ ಮೇಷ್ಟ್ರಿಗೆ ಆ ಸಫಾರಿಯನ್ನೇ ಹಾಕಿ ಮಲಗಿಸಿದ್ದರು. ಎದೆಯ ಮೇಲಿನ ನನ್ನ ಜೋಡಣೆ ನೇರವಾಗಿಯೇ ಇತ್ತು.

ಪ್ಯಾಂಟು ಈಗಲೂ ನಮ್ಮ ಅಂಗಡಿಯ ಮೊಳೆಯಲ್ಲಿ ಇಸ್ತ್ರಿಯಾಗಿ ತೂಗುತ್ತಿದೆ. ಹೊಸ ಗಿರಾಕಿಗಳು ಯಾರದು ಎಂದು ಕೇಳುತ್ತಾರೆ. ಕೆನಡಾದವರದು ಎನ್ನುತ್ತಾರೆ ಅಬ್ಬಾ. ಅವತ್ತು ಸೊಂಟ ಬಿಗಿ ಮಾಡುವಾಗ ಮಿಕ್ಕ ಬಟ್ಟೆಯನ್ನು ನಾನು ಕತ್ತರಿಸಿರಲಿಲ್ಲ, ಪೂರ್ತಿ ಒಳಗೇ ಮಡಿಸಿ ಹೊಲಿದಿದ್ದೆ. ಮೇಷ್ಟ್ರು ಚೇತರಿಸಿಕೊಂಡು ಮತ್ತೆ ದಪ್ಪಗಾದರೆ ಬಿಚ್ಚಲು ಇರಲಿ ಅಂತ.